ಗುಮಾಸ್ತನ ಬಾಯಲ್ಲಿ ಇಟ್ಟ ಮಾತು

ಕೋವಿಡ್ ಕಳೆದು ಚಿತ್ರೀಕರಣದ ಜಾಗಗಳು ಮತ್ತೆ ತುಂಬತೊಡಗಿದ ವರ್ಷ ನಾನು ಕನ್ನಡದ ಒಂದು ವಾಹಿನಿಯ ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದೆ. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ಅದೇ ಕೆಲಸ ಮಾಡಿದ್ದೆ. ಅತ್ತೆ ಸೊಸೆಯರ ಜಗಳ, ಅದಲುಬದಲಾದ ಮಕ್ಕಳು, ಮಂಟಪದಲ್ಲಿ ನಿಂತುಹೋಗುವ ಮದುವೆ, ಇವನ್ನೆಲ್ಲ ಕಣ್ಣು ಮುಚ್ಚಿಕೊಂಡು ಬರೆಯುವಷ್ಟು ಕೈ ಪಳಗಿತ್ತು. ಆ ವರ್ಷ ಸಿಕ್ಕಿದ ಕಥೆ ಮಾತ್ರ ಬೇರೆ ಥರದ್ದು. ಅದರ ಹೆಸರು 'ಊರಾಚೆ ಬಿಡಾರ'.

೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಜನರನ್ನು ಮನೆ ಬಿಡಿಸಿ ಊರ ಹೊರಗಿನ ತಟ್ಟಿಯ ಬಿಡಾರಗಳಿಗೆ ಸಾಗಿಸುತ್ತಿದ್ದರು. ನಮ್ಮ ಕಥೆಯ ತಾಯಕ್ಕ ಪೇಟೆಯ ನೇಕಾರರ ಮನೆಯ ವಿಧವೆ. ತಂಗಿಯ ಮಗಳನ್ನು ಹೊತ್ತೊಯ್ದರೆಂದು ಹುಡುಕಿಕೊಂಡು ಬಿಡಾರಕ್ಕೆ ಹೋದವಳು ಅಲ್ಲೇ ಉಳಿದು ರೋಗಿಗಳ ಆರೈಕೆಗೆ ನಿಲ್ಲುತ್ತಾಳೆ. ಬಿಡಾರದ ಬಾಗಿಲಲ್ಲಿ ಒಂದು ಮೇಜು, ಒಂದು ದಪ್ಪ ಪುಸ್ತಕ, ಅದರ ಹಿಂದೆ ಗುಮಾಸ್ತ ರಂಗಪ್ಪ. ಯಾರು ಒಳಗೆ, ಯಾರು ಹೊರಗೆ, ಯಾರ ಹೆಸರಿಗೆ ಗೀಟು ಎಂಬುದೆಲ್ಲ ಅವನ ಕೈಯಲ್ಲಿ. ಇನ್ನೂರು ಕಂತಿಗೆ ಕಥೆ ಹೆಣೆದಿದ್ದೆವು. ನಿಂತದ್ದು ಎಪ್ಪತ್ತೆಂಟಕ್ಕೆ.

ಪೀಣ್ಯ ಎರಡನೇ ಹಂತದಲ್ಲಿ ಮುಚ್ಚಿಹೋಗಿದ್ದ ಒಂದು ಲೇತ್ ಕಾರ್ಖಾನೆಯ ಶೆಡ್ಡಿನಲ್ಲಿ ನಮ್ಮ ಸೆಟ್ ಇತ್ತು. ಎಣ್ಣೆ ಕುಡಿದು ಕಪ್ಪಾಗಿದ್ದ ನೆಲದ ಮೇಲೆ ಎರಡು ಲಾರಿ ಮಣ್ಣು ಸುರಿದು, ಬಿದಿರು ತಟ್ಟಿ ಕಟ್ಟಿ, ಬಿಡಾರ ಎಬ್ಬಿಸಿದ್ದರು. ಶೆಡ್ಡಿನ ಒಡತಿ ಮುನಿಯಮ್ಮ. ಅದೇ ಜಾಗದಲ್ಲಿ ಅವರ ಮಾವ ರಾಗಿ ಬೆಳೆದಿದ್ದರಂತೆ. ಚಿತ್ರೀಕರಣವಿದ್ದ ಪ್ರತಿ ದಿನ ಬೆಳಿಗ್ಗೆ ಹತ್ತಕ್ಕೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರೆ ಮಧ್ಯಾಹ್ನದ ಊಟಕ್ಕೇ ಏಳುತ್ತಿದ್ದದ್ದು. ಬಿಡಾರದ ಜನರಾಗಿ ನಿಲ್ಲಲು ಸುತ್ತಲಿನ ಗಾರ್ಮೆಂಟ್ಸ್ ಹೆಂಗಸರು ಭಾನುವಾರಗಳಲ್ಲಿ ಬರುತ್ತಿದ್ದರು. ನಮ್ಮ ಮೊದಲ ಪ್ರೇಕ್ಷಕರೂ ಅವರೇ. ಸೋಮವಾರ ಕಾರ್ಖಾನೆಗೆ ಹೋಗಿ ಹೊಲಿಗೆ ಲೈನಿನವರಿಗೆಲ್ಲ ಕಥೆ ಹೇಳಿಬಿಡುತ್ತಿದ್ದರು.

ಗುಮಾಸ್ತನ ಪಾತ್ರ ಮಾಡಿದವರು ಶಿವಪುತ್ರಪ್ಪ. ಗದಗದ ಕಡೆಯವರು, ಅರವತ್ತೇಳು ವರ್ಷ. ಮೂವತ್ತು ವರ್ಷ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿ, ಕಂಪನಿಗಳು ಮುಚ್ಚಿದ ಮೇಲೆ ಹೆಂಡತಿಯೊಡನೆ ಲಗ್ಗೆರೆಗೆ ಬಂದು ನೆಲೆಸಿದ್ದರು. ಹುಡುಗರಿಗೆ ನಾಟಕ ಕಲಿಸಿದ್ದರಿಂದ ಎಲ್ಲರೂ ಅವರನ್ನು ಮಾಸ್ತರು ಎನ್ನುತ್ತಿದ್ದರು. ಧಾರಾವಾಹಿಗಳಲ್ಲಿ ಅದುವರೆಗೆ ಅವರಿಗೆ ಸಿಕ್ಕಿದ್ದು ಪೂಜಾರಿ, ಡ್ರೈವರ್, ಒಂದೆರಡು ಕಡೆ ಹೆಣ. ರಂಗಪ್ಪನೇ ಅವರ ಮೊದಲ ದೊಡ್ಡ ಪಾತ್ರ. ನಾನು ಬರೆದ ಸಾಲನ್ನು ಅವರು ಓದಿ ಮುಗಿಸುವುದರೊಳಗೆ ಅದರಲ್ಲಿ ಯಾವ ಪದ ಹೆಚ್ಚಾಯಿತು ಎಂಬುದು ನನಗೇ ಗೊತ್ತಾಗುತ್ತಿತ್ತು.

ಮೊದಲ ಎರಡು ತಿಂಗಳು ನಾವು ರಾತ್ರಿ ಒಂಬತ್ತರ ಸ್ಲಾಟಿನಲ್ಲಿದ್ದೆವು. ಸ್ಲಾಟ್ ಎಂದರೆ ವಾಹಿನಿ ಒಂದು ಕಾರ್ಯಕ್ರಮಕ್ಕೆ ಕೊಡುವ ಸಮಯದ ಕಿಂಡಿ. ಒಳ್ಳೆಯ ಸ್ಲಾಟಿದ್ದರೆ ಕೆಟ್ಟ ಧಾರಾವಾಹಿಯೂ ಬದುಕುತ್ತದೆ, ಕೆಟ್ಟ ಸ್ಲಾಟಿನಲ್ಲಿ ಎಂಥದ್ದೂ ಸಾಯುತ್ತದೆ. ಪ್ರತಿ ಗುರುವಾರ ಬರುವ ರೇಟಿಂಗಿನಲ್ಲಿ ನಾವು ನಿಧಾನವಾಗಿ ಮೇಲೇರುತ್ತಿದ್ದೆವು. ದಸರಾ ಮುಗಿದ ವಾರ ಇದ್ದಕ್ಕಿದ್ದಂತೆ ಸಂಜೆ ಐದೂವರೆಗೆ ತಳ್ಳಿದರು. ಗಾರ್ಮೆಂಟ್ಸ್ ಬಿಡುವುದೇ ಆರಕ್ಕೆ. ನಮ್ಮ ಹೆಂಗಸರು ಇನ್ನೂ ಮಿಷನ್ನಿನ ಮುಂದೆ ಬಗ್ಗಿರುವಾಗ ತಾಯಕ್ಕ ಅವರ ಖಾಲಿ ಕೋಣೆಗಳಲ್ಲಿ ಮಾತಾಡಬೇಕಾಗಿತ್ತು. ರೇಟಿಂಗ್ ಮೂರೇ ವಾರದಲ್ಲಿ ನೆಲ ಕಚ್ಚಿತು.

ನಾಲ್ಕನೇ ವಾರ ವಾಹಿನಿಯಿಂದ ಕರೆ ಬಂತು. ನಮ್ಮ ನಿರ್ದೇಶಕ ಶೈಲೇಂದ್ರ ಮತ್ತು ನಾನು ವೈಟ್‌ಫೀಲ್ಡಿನ ಅವರ ಕಚೇರಿಗೆ ಹೋದೆವು. ಧಾರಾವಾಹಿ ವಿಭಾಗದ ಮುಖ್ಯಸ್ಥನ ನಿಜವಾದ ಹೆಸರು ಬೇಡ, ನಿರಂಜನ್ ಎಂದಿಟ್ಟುಕೊಳ್ಳೋಣ. ನಲವತ್ತರ ಆಸುಪಾಸು, ಹಿತವಾದ ದನಿ. ನಾನು ಬರೆದದ್ದರಲ್ಲಿ ಒಂದು ಕಂತನ್ನೂ ಆತ ಪೂರ್ತಿ ನೋಡಿರಲಿಲ್ಲ ಎಂಬುದು ಎರಡು ನಿಮಿಷದಲ್ಲಿ ತಿಳಿಯಿತು. ತಾಯಕ್ಕನನ್ನು ಮೂರು ಸಲ 'ತಾಯವ್ವ' ಅಂದ.

"ಮೇಡಂ, ನಂಬರ್ಸ್ ಮಾತಾಡ್ತಿವೆ, ನಾನಲ್ಲ," ಎಂದು ಎರಡೂ ಅಂಗೈಗಳನ್ನು ನಮ್ಮ ಕಡೆ ಬಿಡಿಸಿ ತೋರಿಸಿದ. "ನಾನು ನಿಮ್ ಕಡೆಯವನೇ. ಅದಕ್ಕೇ ಹೇಳ್ತಿದೀನಿ, ಮರ್ಯಾದೆಯಿಂದ ಮುಗಿಸ್ಬಿಡಿ. ಸರೀನಾ?"

"ಟೈಮ್ ಬದಲಾಯಿಸಿದ್ದಕ್ಕೆ ತಾನೇ ನಂಬರ್ ಬಿದ್ದಿದ್ದು? ನಮ್ಮ ಜನ ಐದೂವರೆಗೆ ಮನೇಲಿರಲ್ಲ ಸಾರ್," ಎಂದೆ.

"ಎಮೋಷನಲ್ ಆಗ್ಬೇಡಿ. ಜನಕ್ಕೆ ಏನು ಬೇಕು ಅಂತ ಜನಕ್ಕೇ ಗೊತ್ತಿರಲ್ಲ. ನಮಗೆ ಗೊತ್ತಿರುತ್ತೆ." ಮತ್ತೆ ಅಂಗೈ. ಮತ್ತೆ ಸರೀನಾ. "ಎರಡು ಎಪಿಸೋಡ್ ಕೊಡ್ತೀನಿ. ಆ ಹುಡುಗೀಗೊಂದು ಮದುವೆ ಮಾಡಿ, ಹ್ಯಾಪಿಯಾಗಿ ಮುಗಿಸಿ."

ಶೈಲೇಂದ್ರ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಗ ನನಗಿದ್ದದ್ದು ದುಃಖ ಮಾತ್ರ. ಈ ವೃತ್ತಿಯಲ್ಲಿ ಧಾರಾವಾಹಿಗಳು ನಿಲ್ಲುತ್ತವೆ, ಅದಕ್ಕೆ ಯಾರೂ ಸೇಡು ಇಟ್ಟುಕೊಳ್ಳುವುದಿಲ್ಲ.

ಮಾರನೆಯ ದಿನ ಶೆಡ್ಡಿಗೆ ಹೋಗಿ ಮುನಿಯಮ್ಮನಿಗೆ ಸುದ್ದಿ ಹೇಳಿದೆ. ಅವರು ಬೆರಗಾಗಲಿಲ್ಲ.

"ಇಂಗೇ ಆಯ್ತದೆ ಅಂತ ನಂಗೊತ್ತಿತ್ತು ಕಣಮ್ಮ. ಗೌರಿ ಹಬ್ಬಕ್ ಮುಂಚೇನೇ ನಿಮ್ ಟೀವಿಯೋರು ಬಂದು ಟೇಪ್ ಇಡ್ದು ಅಳ್ಕೊಂಡ್ ಓದ್ರಲ್ಲ. ಆಡೋ ಪೋಗ್ರಾಮ್ ಮಾಡ್ತಾರಂತೆ ಇಲ್ಲಿ. ನಿಮ್ಗೇಳಿಲ್ವಾ?"

ಹಾಡಿನ ಸ್ಪರ್ಧೆಗೆ ನಮ್ಮ ಶೆಡ್ಡನ್ನು ಗೌರಿ ಹಬ್ಬಕ್ಕೆ ಮುಂಚೆಯೇ ಅಳೆದಿದ್ದರು. ಆಗ ನಾವು ಒಂಬತ್ತರ ಸ್ಲಾಟಿನಲ್ಲಿ ಮೇಲೇರುತ್ತಿದ್ದೆವು. ಅಂದರೆ ನಂಬರ್ ಬಿದ್ದದ್ದಕ್ಕೆ ನಮ್ಮನ್ನು ನಿಲ್ಲಿಸಲಿಲ್ಲ. ನಿಲ್ಲಿಸಬೇಕೆಂದು ಮೊದಲೇ ತೀರ್ಮಾನಿಸಿ, ಅದಕ್ಕೊಂದು ನೆಪ ಬೇಕೆಂದು ನಂಬರ್ ಬೀಳಿಸಿದರು. "ಮುಂಚೆ ಬಂದೋರು ಯಾರು?" ಎಂದು ಕೇಳಿದೆ. ಮುನಿಯಮ್ಮ ಮೊಬೈಲಿನಲ್ಲಿ ಮೊಮ್ಮಗಳು ತೆಗೆದಿದ್ದ ಫೋಟೋ ತೋರಿಸಿದರು. ನಮ್ಮ ಬಿಡಾರದ ಬಾಗಿಲಲ್ಲಿ, ಗುಮಾಸ್ತನ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು ನಿರಂಜನ್ ನಗುತ್ತಿದ್ದ.

ಆ ಫೋಟೋ ನೋಡಿದಾಗ ಎದೆಯಲ್ಲಿ ಹತ್ತಿದ್ದು ಮುಂದೆ ಎಷ್ಟೋ ದಿನ ಆರಲಿಲ್ಲ. ಊಟಕ್ಕೆ ಕೂತರೆ ಆ ಅಂಗೈಗಳು ಕಾಣುತ್ತಿದ್ದವು. ಬಸ್ಸಿನಲ್ಲಿ ಯಾರೋ ಸರೀನಾ ಅಂದರೆ ತಿರುಗಿ ನೋಡುತ್ತಿದ್ದೆ. ಅವನಿಗೆ ನೋವಾಗಬೇಕು, ಅದು ನಾಲ್ಕು ಜನರ ಎದುರೇ ಆಗಬೇಕು ಎಂದು ಮನಸ್ಸು ಹಟ ಹಿಡಿದಿತ್ತು. ನನ್ನ ಕೈಯಲ್ಲಿದ್ದದ್ದು ಎರಡು ಕಂತು. ಅದು ಸಾಕಾಗಿತ್ತು.

ಮೊದಲನೆಯದರಲ್ಲಿ ಕಥೆಯನ್ನು ಮದುವೆಯ ಹೊಸ್ತಿಲಿಗೆ ತಂದು, ಕೊನೆಯದಾದ ಎಪ್ಪತ್ತೆಂಟನೇ ಕಂತನ್ನು ಒಂದೇ ಬೆಳಿಗ್ಗೆ ಕೂತು ಬರೆದೆ. ಆತ ಹೇಳಿದಂತೆ ಮದುವೆ ಇಟ್ಟೆ. ಬಿಡಾರದಲ್ಲಿ ಗುಣವಾದ ತಂಗಿಯ ಮಗಳನ್ನು ಧಾರೆ ಎರೆಯಲು ತಾಯಕ್ಕ ಹೊರಗೆ ಕರೆದೊಯ್ಯಬೇಕು. ಗುಮಾಸ್ತ ಬಾಗಿಲು ತೆಗೆಯುವುದಿಲ್ಲ. ಪುಸ್ತಕದಲ್ಲಿ ಆ ಹುಡುಗಿ ಆಗಲೇ ಸತ್ತಿದ್ದಾಳೆ. ಹೆಸರಿಗೆ ಗೀಟು ಬಿದ್ದಿದೆ, ಅವಳ ಮನೆ ಬೇರೆಯವರ ಪಾಲಾಗಿದೆ. ಅಲ್ಲಿ ಗುಮಾಸ್ತ ಆಡುವ ಮಾತಿದು:

"ತಾಯಿ, ಪುಸ್ತಕ ಮಾತಾಡುತ್ತಿದೆ, ನಾನಲ್ಲ. ನಾನು ನಿಮ್ಮ ಕಡೆಯವನೇ. ಅದಕ್ಕೇ ಹೇಳುತ್ತಿದ್ದೇನೆ, ಮರ್ಯಾದೆಯಿಂದ ಹಿಂದಿರುಗಿಬಿಡಿ. ಜನಕ್ಕೆ ಏನು ಬೇಕೆಂದು ಜನಕ್ಕೇ ತಿಳಿಯದು. ನಮಗೆ ತಿಳಿದಿರುತ್ತದೆ. ಸರಿಯೇ?"

ಪ್ರತಿ ವಾಕ್ಯದ ಮುಂದೆ ಕಂಸದಲ್ಲಿ ಬರೆದೆ: ಎರಡೂ ಅಂಗೈ ಬಿಡಿಸಿ ತೋರಿಸುತ್ತಾನೆ. ತಾಯಕ್ಕ ಪುಸ್ತಕ ಮುಚ್ಚಿ, "ನೀವು ಗೀಟು ಎಳೆದಿರಿ, ನಾವು ಸಾಯಲಿಲ್ಲ" ಎನ್ನುತ್ತಾಳೆ. ಬಿಡಾರದ ಜನರೆಲ್ಲ ಒಬ್ಬೊಬ್ಬರಾಗಿ ಅವನಿಗೆ ಬೆನ್ನು ತೋರಿಸಿ ಬಾಗಿಲು ದಾಟುತ್ತಾರೆ. ಕೊನೆಯ ದೃಶ್ಯದಲ್ಲಿ ಖಾಲಿ ಬಿಡಾರದ ಮುಂದೆ ಗುಮಾಸ್ತನೊಬ್ಬನೇ ಕೂತಿರುತ್ತಾನೆ.

ನಿಯಮದಂತೆ ಚಿತ್ರೀಕರಣಕ್ಕೆ ಮೊದಲು ಬರಹವನ್ನು ವಾಹಿನಿಗೆ ಇಮೇಲ್ ಮಾಡಬೇಕು. ಮಾಡಿದೆ. ನಿಂತುಹೋಗುವ ಧಾರಾವಾಹಿಯ ಬರಹವನ್ನು ಅಲ್ಲಿ ಯಾರೂ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. "ಓಕೆ, ಗೋ ಅಹೆಡ್" ಎಂದು ಹತ್ತು ನಿಮಿಷದಲ್ಲಿ ಉತ್ತರ ಬಂತು. ಶೈಲೇಂದ್ರ ಮಾತ್ರ ಓದಿದರು. ಎರಡನೇ ಪುಟಕ್ಕೆ ಬಂದಾಗ ತಲೆಯೆತ್ತಿ ನನ್ನನ್ನು ನೋಡಿ, ವಾರಗಳ ನಂತರ ಮೊದಲ ಸಲ ಜೋರಾಗಿ ನಕ್ಕರು. "ನಂಗೇನೂ ಅರ್ಥ ಆಗಿಲ್ಲ ಅಂತ ಇಟ್ಕೊಳಿ," ಎಂದರು.

ಆ ಅಂಗೈ ತೋರಿಸುವ ರೀತಿಯನ್ನು ಮಾಸ್ತರಿಗೆ ನಾನೇ ಕಲಿಸಿದೆ. ಮೊಣಕೈ ಮೇಜಿನ ಮೇಲೆ, ಬೆರಳು ಅಗಲ, ತಲೆ ಸ್ವಲ್ಪ ಎಡಕ್ಕೆ. ಅವರು ಎರಡು ಸಲ ಮಾಡಿ ನೋಡಿ ನಿಲ್ಲಿಸಿದರು.

"ಇದು ರಂಗಪ್ಪನ ಕೈ ಅಲ್ಲ ತಂಗಿ. ಇಷ್ಟು ದಿನ ಅಂವ ಕೈ ಮುಚಿಗೊಂಡ ಕುಂದರತಿದ್ದ. ಇದು ಎಲ್ಲಿಂದ ಬಂತು?"

"ಆ ಕಾಲದ ಗುಮಾಸ್ತರು ಹೀಗೇ ಮಾಡ್ತಿದ್ರಂತೆ ಮಾಸ್ತ್ರೇ. ಎಲ್ಲೋ ಓದಿದೆ."

ಅವರು ನನ್ನ ಮುಖವನ್ನೊಮ್ಮೆ ನೋಡಿದರು. "ನೀ ಓದಾಕಿ. ನೀ ಹೇಳಿದ ಮ್ಯಾಲ ಆತು," ಎಂದು ಮತ್ತೆ ಅಭ್ಯಾಸಕ್ಕೆ ಇಳಿದರು. ಇಡೀ ದೃಶ್ಯ ಒಂದೇ ಟೇಕಿಗೆ ಆಯಿತು. ಕ್ಯಾಮೆರಾದವರಲ್ಲಿ ಕೆಲವರಿಗೆ ನಿರಂಜನ್ ಗೊತ್ತಿದ್ದ. ಅವರು ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಮಾಸ್ತರು ಅದನ್ನು ಮೆಚ್ಚುಗೆಯೆಂದುಕೊಂಡರು.

ಶುಕ್ರವಾರ ಐದೂವರೆಗೆ ಕಂತು ಪ್ರಸಾರವಾಯಿತು. ಶನಿವಾರ ಬೆಳಿಗ್ಗೆಯ ಹೊತ್ತಿಗೆ ಗುಮಾಸ್ತನ ಆ ಒಂದು ನಿಮಿಷವನ್ನು ಯಾರೋ ಕತ್ತರಿಸಿ ವಾಟ್ಸಾಪಿನಲ್ಲಿ ಬಿಟ್ಟಿದ್ದರು. ಗಾರ್ಮೆಂಟ್ಸ್ ಹೆಂಗಸರು ಅದನ್ನು ತಮ್ಮ ಸೂಪರ್‌ವೈಸರುಗಳಿಗೆ ಹೋಲಿಸಿ ಹಂಚಿಕೊಂಡರು. ಆದರೆ ಅದು ಹೋಗಬೇಕಾದ ಜಾಗಕ್ಕೂ ಹೋಯಿತು. ಸೋಮವಾರ ವೈಟ್‌ಫೀಲ್ಡಿನ ಕಚೇರಿಯ ಲಿಫ್ಟಿನಲ್ಲಿ ಜನ ಒಬ್ಬರಿಗೊಬ್ಬರು ಅಂಗೈ ತೋರಿಸಿ ಸರಿಯೇ ಎನ್ನುತ್ತಿದ್ದಾರೆಂದು ಅಲ್ಲಿದ್ದ ಗೆಳತಿ ಫೋನ್ ಮಾಡಿ ಹೇಳಿದಳು. ಬುಧವಾರದ ಹೊತ್ತಿಗೆ ನಿರಂಜನನಿಗೆ ಗುಮಾಸ್ತ ಎಂಬ ಹೆಸರು ಅಂಟಿತ್ತು. ಮೀಟಿಂಗಿನಲ್ಲಿ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡೇ ಕೂರುತ್ತಿದ್ದನಂತೆ. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅಷ್ಟು ಚೆನ್ನಾಗಿ ನಿದ್ದೆ ಮಾಡಿ ತಿಂಗಳುಗಳಾಗಿದ್ದವು.

ಗುರುವಾರ ಮಧ್ಯಾಹ್ನ ತರಕಾರಿ ಕೊಳ್ಳುತ್ತಿದ್ದಾಗ ಅವನದೇ ಫೋನು.

"ಚೆನ್ನಾಗಿ ಬರೆದಿದೀರಿ ಮೇಡಂ." ದನಿ ಹಿತವಾಗಿಯೇ ಇತ್ತು. "ಆ ಆರ್ಟಿಸ್ಟ್ ಸಕ್ಕತ್ತಾಗಿ ಮಾಡಿದಾರೆ. ಯಾರವರು?"

ಆತ ಬೈಯುತ್ತಾನೆ, ಬೈದರೆ ಏನು ಹೇಳಬೇಕು ಎಂದು ನಾನು ಸಿದ್ಧಳಾಗಿದ್ದೆ. ಈ ಪ್ರಶ್ನೆಗೆ ಸಿದ್ಧಳಾಗಿರಲಿಲ್ಲ. ಗೆದ್ದ ಅಮಲಿನಲ್ಲಿ ಹೆಮ್ಮೆಯಿಂದ ಪೂರ್ತಿ ಹೆಸರು ಹೇಳಿದೆ. ಗದಗದವರು, ಕಂಪನಿ ನಾಟಕದವರು, ಎಂಥಾ ಪ್ರತಿಭೆ ಗೊತ್ತಾ ಸಾರ್ ಎಂದೂ ಸೇರಿಸಿದೆ. ಆತ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟ.

ಮೂರು ತಿಂಗಳ ಮೇಲೆ ಶೈಲೇಂದ್ರ ಸಿಕ್ಕಾಗ ವಿಷಯ ತಿಳಿಯಿತು. ಅದೇ ವಾಹಿನಿಯ ಹೊಸ ಧಾರಾವಾಹಿಯಲ್ಲಿ ನಾಯಕಿಯ ಅಜ್ಜನ ಪಾತ್ರಕ್ಕೆ ಮಾಸ್ತರನ್ನು ಮೊದಲೇ ಮಾತಾಡಿದ್ದರಂತೆ. ಅಳತೆ ಕೊಟ್ಟು ಪಂಚೆ ಕೋಟು ಹೊಲಿಸಿಯೂ ಆಗಿತ್ತು. ನಮ್ಮ ಕೊನೆಯ ಕಂತಿನ ಮರುವಾರ "ನಿಮ್ಮ ಪಾತ್ರ ತೆಗೆದಿದ್ದೇವೆ" ಎಂದು ಫೋನು. ಆ ವಾಹಿನಿಗೆ ಕೆಲಸ ಮಾಡುವ ಬೇರೆ ನಿರ್ಮಾಪಕರೂ ಅವರನ್ನು ಕರೆಯುವುದು ಬಿಟ್ಟಿದ್ದರು. ಕಾರಣ ಯಾರೂ ಹೇಳಲಿಲ್ಲ. ಮುದುಕನಾದೆ, ಮಾತು ಮರೆಯುತ್ತಿದ್ದೇನೆ, ಅದಕ್ಕೇ ಬಿಟ್ಟಿರಬೇಕು ಎಂದು ಅವರು ನಂಬಿಕೊಂಡಿದ್ದರು.

ಅಲ್ಲಿಂದ ನೇರವಾಗಿ ವೈಟ್‌ಫೀಲ್ಡಿಗೆ ಹೋದೆ. ನಿರಂಜನ್ ಒಳಗೆ ಕರೆಸಿಕೊಂಡ.

"ಆ ಮಾತು ನನ್ನದು ಸಾರ್, ಕೈ ತೋರಿಸೋದನ್ನ ಕಲಿಸಿದವಳೂ ನಾನೇ. ಅವರಿಗೆ ನೀವು ಯಾರು ಅಂತಾನೂ ಗೊತ್ತಿಲ್ಲ. ಏನಿದ್ರೂ ನನ್ನ ಮೇಲೆ ತೀರಿಸ್ಕೊಳ್ಳಿ," ಎಂದೆ.

"ಗೊತ್ತು ಮೇಡಂ," ಎಂದ. ಕೈಗಳು ಮೇಜಿನ ಕೆಳಗೇ ಇದ್ದವು. "ನಿಮಗೆ ಕೆಲಸ ಇಲ್ಲ ಅಂದ್ರೆ ನೀವು ಬೇರೆ ಚಾನೆಲ್‌ಗೆ ಹೋಗ್ತೀರಿ, ಇನ್ನೊಂದು ಸೀನ್ ಬರೀತೀರಿ. ಇದಾದ್ರೆ ನೀವು ಮರೆಯಲ್ಲ."

ನನ್ನ ಸೇಡಿಗಿಂತ ಅವನದು ಚೆನ್ನಾಗಿ ಯೋಚಿಸಿದ್ದಾಗಿತ್ತು. ಆತನ ಮೇಲಧಿಕಾರಿಗಳಿಗೆ, ಕಲಾವಿದರ ಸಂಘಕ್ಕೆ ಪತ್ರ ಬರೆದೆ. ಸಂಘದವರು ವಿಚಾರಿಸುತ್ತೇವೆ ಎಂದರು. ವಾಹಿನಿಯಿಂದ ಉತ್ತರವೇ ಬರಲಿಲ್ಲ.

ಮುಂದಿನ ಭಾನುವಾರ ಲಗ್ಗೆರೆಗೆ ಹೋದೆ. ಒಂದು ಕೋಣೆಯ ಮನೆ. ಮಾಸ್ತರ ಹೆಂಡತಿ ಗಂಗವ್ವ ತಮ್ಮ ಊರ ಕಡೆಯಿಂದ ಕೂಲಿಗೆ ಬಂದವರೆಂದು ಉತ್ತರ ಕರ್ನಾಟಕದ ಹುಡುಗರಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದರು. ಮಾಸ್ತರು ಒಲೆಯ ಪಕ್ಕ ಕೂತು ಬಡಿದ ರೊಟ್ಟಿಗೆ ಒದ್ದೆ ಬಟ್ಟೆಯಲ್ಲಿ ನೀರು ಸವರುತ್ತಿದ್ದರು. ನಾನು ಹೊಸ್ತಿಲಲ್ಲೇ ನಿಂತು ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಫೋನಿನಲ್ಲಿ ಹೆಸರು ಕೊಟ್ಟವಳು ನಾನೇ ಎಂಬುದನ್ನೂ ಹೇಳಿದೆ.

ಗಂಗವ್ವನ ಬಡಿಯುವ ಕೈ ನಿಂತಿತು. "ಮೂರ ತಿಂಗಳಾತು, ಈ ಮನಶ್ಯಾ ಕನ್ನಡಿ ಮುಂದ ನಿಂತು ನನಗ ಮಾತ ಮರತ ಹೊಂಟಾವ ಅಂತ ಹಳೇ ಪಾರ್ಟ್ ಒಪ್ಪಸ್ಕೋತ ನಿಂದರತಾನ. ನಿಮ್ಮ ಸಿಟ್ಟು ತೀರಿಸ್ಕೊಳ್ಳಾಕ ನನ್ನ ಗಂಡನ ಬಾಯೇ ಬೇಕಾಗಿತ್ತೇನ್ರಿ?"

ಮಾಸ್ತರು ಆಕೆಗೆ ಸುಮ್ಮನಿರುವಂತೆ ಸನ್ನೆ ಮಾಡಿದರು. ರೊಟ್ಟಿಯನ್ನು ಮಗುಚಿ ಹಾಕಿ ಮಾತಾಡಿದರು.

"ಹಂಗಾರ ನಾ ಮಾತು ಮರತಿಲ್ಲ."

"ಇಲ್ಲ ಮಾಸ್ತ್ರೇ. ಒಂದಕ್ಷರಾನೂ ಮರೆತಿಲ್ಲ."

"ನಿನ್ನ ಸಿಟ್ಟ ನನ್ನ ಬಾಯಾಗ ಇಟ್ಟಿ. ಇಡಬಾರದಂತ ಅಲ್ಲ, ನಟನ ಬಾಯಿ ಇರೂದ ಅದಕ್ಕ. ಆದರ ಹೇಳಿ ಇಡಬೇಕಿತ್ತು. ಕೇಳಿದ್ದರ ನಾ ಒಲ್ಲೆ ಅಂತಿದ್ದಿಲ್ಲ. ಇದಕ್ಕಿಂತ ಪಸಂದ ಮಾಡತಿದ್ದೆ." ನಗಲಿಲ್ಲ. ಆಮೇಲೆ ಕೇಳಿದರು, "ಒಂದ ಖರೇ ಹೇಳು. ಇನ್ನೂರು ಕಂತು ನಡದಿದ್ದರ ರಂಗಪ್ಪ ಏನಾಗಾಂವ ಇದ್ದ?"

ಅದನ್ನು ಯಾರಿಗೂ ಹೇಳಿರಲಿಲ್ಲ. ನೂರೈವತ್ತರ ಸುಮಾರಿಗೆ ಗುಮಾಸ್ತನಿಗೇ ಪ್ಲೇಗ್ ಬರುವುದಿತ್ತು. ತನ್ನ ಹೆಸರಿಗೆ ತಾನೇ ಗೀಟು ಎಳೆದು ಬಿಡಾರದೊಳಗೆ ಮಲಗುವುದಿತ್ತು. ತಾಯಕ್ಕ ಅವನಿಗೆ ಗಂಜಿ ಕುಡಿಸುವಾಗ, ತಾನು ಗೀಟು ಎಳೆದವರ ಹೆಸರನ್ನೆಲ್ಲ ಪುಸ್ತಕವಿಲ್ಲದೆ ಒಂದೊಂದಾಗಿ ಹೇಳುತ್ತ ಹೋಗುವುದಿತ್ತು. ಆ ದೃಶ್ಯವನ್ನು ಧಾರಾವಾಹಿ ಶುರುವಾಗುವ ಮೊದಲೇ ಬರೆದಿಟ್ಟಿದ್ದೆ. ಕೊನೆಯ ಕಂತಿನಲ್ಲಿ ಅದಕ್ಕೆ ಜಾಗ ಮಾಡಬಹುದಿತ್ತು. ಎರಡು ಕಂತು ಅದಕ್ಕೆ ಸಾಕಿತ್ತು. ನಿರಂಜನನಿಗೆ ಕ್ಷಮೆ ಸಿಗಬಾರದೆಂದು ರಂಗಪ್ಪನಿಗೂ ಕೊಡಲಿಲ್ಲ.

ಅಷ್ಟನ್ನೂ ಹೇಳಿದೆ. ಮಾಸ್ತರು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು.

"ಹೆಸರ ಎಲ್ಲಾ ಹೇಳತಿದ್ದನಾ? ಪುಸ್ತಕ ಇಲ್ಲದ?"

"ಹೂಂ."

"ಕಂಪನ್ಯಾಗ ಮೂವತ್ತ ವರ್ಷ ಇದ್ದೆ. ಅಂಥಾ ಸೀನ್ ಒಂದೂ ಸಿಗಲಿಲ್ಲ ನನಗ." ದನಿ ಸಣ್ಣದಾಯಿತು. "ಕೆಲಸ ಹೋತು, ಹೋಗಲಿ. ಅದನ್ನ ನನಗ ಕೊಡಬೇಕಿತ್ತು ತಂಗಿ."

ನಿರಂಜನ್ ಈಗ ಇನ್ನೊಂದು ವಾಹಿನಿಯಲ್ಲಿ ಇನ್ನೂ ದೊಡ್ಡ ಹುದ್ದೆಯಲ್ಲಿದ್ದಾನೆ. ಮಾಸ್ತರು ಆಮೇಲೆ ಶೈಲೇಂದ್ರರ ಎರಡು ಸಿನಿಮಾಗಳಲ್ಲಿ ಸಣ್ಣ ಪಾತ್ರ ಮಾಡಿದರು. ನಾನು ಬರೆದಿಟ್ಟ ಆ ದೃಶ್ಯವನ್ನು ಕೇಳಿ ತೆಗೆದುಕೊಂಡರು, ಎಲ್ಲಿಯೂ ಆಡಲಿಲ್ಲ. ನಿರಂಜನನ ಮೇಲೆ ನನಗೆ ಸಿಟ್ಟು ಇವತ್ತಿಗೂ ಇದೆ. ಅದನ್ನು ಬಿಟ್ಟೆನೆಂದರೆ ಸುಳ್ಳಾಗುತ್ತದೆ. 'ಊರಾಚೆ ಬಿಡಾರ' ಇನ್ನೂರು ಕಂತು ಓಡಬೇಕಾಗಿದ್ದ ಕಥೆ. ಅದರ ಕತ್ತು ಹಿಸುಕಿದವನು ಅವನು. ಆದರೆ ಅವನು ಬಿಟ್ಟುಕೊಟ್ಟ ಎರಡು ಕಂತುಗಳನ್ನು ಹಾಳು ಮಾಡಿದವಳು ನಾನು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಸಂಭಾಷಣೆ ಬರೆಯುವವಳ ಕೈಯಲ್ಲಿ ಇನ್ನೊಬ್ಬರ ಬಾಯಿ ಇರುತ್ತದೆ. ಈಗ ಯಾವ ನಟನಿಗೆ ಕಟುವಾದ ಸಾಲು ಕೊಡುವಾಗಲೂ ಪಕ್ಕದಲ್ಲಿ ಕೂತು, ಇದು ಪಾತ್ರದ ಸಿಟ್ಟೋ ನನ್ನದೋ ಎಂದು ಮೊದಲು ಹೇಳಿಬಿಡುತ್ತೇನೆ. ನನ್ನದಾದರೆ ಹೆಚ್ಚಿನವರು ಬೇಡ ಮೇಡಂ ಅನ್ನುತ್ತಾರೆ. ಆಗ ಆ ಸಾಲನ್ನು ಅವರ ಎದುರೇ ಹೊಡೆದುಹಾಕುತ್ತೇನೆ.